ಅತ್ತಿ ಕಳಿಸಿದ ನೀಲಿ ಹೂವು

ಮನೆ ಮಂದಿ ಗುಂಪು, ರವಿವಾರ

ಹಾವೇರಿ ಅತ್ತಿ (ಫಾರ್ವರ್ಡ್, ನೀಲಿ ಹೂವಿನ ಫೋಟೋ ಸಮೇತ): 12 ವರ್ಷಕ್ಕೊಮ್ಮೆ ಅರಳುವ ವಿಷ್ಣುಕ್ರಾಂತಿ! ಕಪ್ಪತಗುಡ್ಡದಲ್ಲಿ ಮಾತ್ರ! ಬೇರುಸಮೇತ ತಂದು ಮನೆ ಮುಂದೆ ಹಚ್ಚಿರಿ, ಮರೆವು ಹತ್ತಿರ ಸುಳಿಯುವುದಿಲ್ಲ. ಎಲ್ಲರಿಗೂ ಕಳಿಸಿ.

ಹಾವೇರಿ ಅತ್ತಿ: ಗದಗಿನವರು ಒಂದು ಗಿಡ ತಂದುಕೊಡ್ರಿ. ಇವರಿಗೆ ಮರೆವು ಜಾಸ್ತಿ ಆಗಿದೆ.

ಹುಬ್ಬಳ್ಳಿ ಕಾಕಾ: ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ಈಗಿನವರಿಗೆ ಗುಡ್ಡ ಅಂದರೆ ಸೆಲ್ಫಿ.

ಧಾರವಾಡ ತಮ್ಮ: ಅತ್ತಿ, ಇದನ್ನು ಬರೆದವರು ಯಾರು? 12 ವರ್ಷಕ್ಕೊಮ್ಮೆ ಅರಳುವುದು ನೀಲಕುರಿಂಜಿ. ಮುನ್ನಾರಿನಲ್ಲಿ 2006ರಲ್ಲಿ ಅರಳಿತ್ತು, ಆಮೇಲೆ 2018ರಲ್ಲಿ. ಅದು ಪೊದೆ. ಫೋಟೋದಲ್ಲಿರುವುದು ನೆಲದ ಮೇಲೆ ಹರಡುವ ಸಣ್ಣ ಗಿಡ.

ಹುಬ್ಬಳ್ಳಿ ಕಾಕಾ: ಅತ್ತಿಗೆ ಹೀಗೆ ಎದುರಾಡಬಾರದಪಾ. ಹೋದ ದೀಪಾವಳಿಗೂ ನೀನು ಇದನ್ನೇ ಮಾಡಿದೆ.

ಧಾರವಾಡ ತಮ್ಮ: ಎದುರಾಡುತ್ತಿಲ್ಲ ಕಾಕಾ. ವಿಷ್ಣುಕ್ರಾಂತಿ ನಮ್ಮ ಮನೆ ಹಿಂದಿನ ಖಾಲಿ ಸೈಟಿನ ಗರಸಿನಲ್ಲೂ ಇದೆ. ಅದಕ್ಕೆ ಬಿಸಿಲು ಬೇಕು, ಬಯಲು ಬೇಕು, ಗಿಡ್ಡ ಹುಲ್ಲು ಬೇಕು. ದಟ್ಟ ನೆರಳಲ್ಲಿ ಬರುವುದಿಲ್ಲ. ಹೂವು ಒಂದು ಸೆಂಟಿಮೀಟರೂ ಇಲ್ಲ. ಬೆಳಿಗ್ಗೆ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ, ಮಧ್ಯಾಹ್ನಕ್ಕೆ ಮುದುಡುತ್ತದೆ. ಎಲೆ ಮೇಲೆ ರೇಷ್ಮೆಯಂಥ ಕೂದಲು. ಎಷ್ಟು ಚಂದ ಗೊತ್ತಾ! ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಬೇರು ಕೀಳುವ ಮಾತು ಬೇಡ.

ಹುಬ್ಬಳ್ಳಿ ಕಾಕಾ: ಅದು ಖರೆ. ಆ ಗುಡ್ಡ ಉಳಿಸಲು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಎಷ್ಟು ಹೋರಾಡಿದರು.

ಗದಗ ಅಣ್ಣ: ಕಪ್ಪತಗುಡ್ಡ ಅಂದಕೂಡಲೇ ಅಜ್ಜ ನೆನಪಾದ. ಅವನ ಜೊತೆ ಡೋಣಿ ಊರಿನ ಕಡೆಯಿಂದ ಹತ್ತಿದ್ದೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಂಥ ಗಾಳಿ ಮತ್ತೆಲ್ಲೂ ಕುಡಿದಿಲ್ಲ.

ಹಾವೇರಿ ಅತ್ತಿ: ಆ ಸಲ ನಮ್ಮನ್ನು ಯಾರು ಕರೆದಿದ್ದರು?

ಗದಗ ಅಣ್ಣ: ಜೀಪಿನಲ್ಲಿ ಜಾಗ ಇರಲಿಲ್ಲ ಅತ್ತಿ.

ಹಾವೇರಿ ಅತ್ತಿ: ನಿಮ್ಮವ್ವನ ತವರಿನವರಿಗೆ ಇತ್ತಲ್ವಾ?

ಹುಬ್ಬಳ್ಳಿ ಕಾಕಾ: ಜೀಪಿನ ಬಾಡಿಗೆ ಕೊಟ್ಟವನು ನಾನು. ಅದನ್ನು ಯಾರೂ ನೆನೆಯುವುದಿಲ್ಲ.

ಧಾರವಾಡ ತಮ್ಮ: ಅತ್ತಿ, ಮಾಮಾನ ಮರೆವು ಸುಮ್ನೆ ಬಿಡುವ ವಿಷಯ ಅಲ್ಲ. ಡಾಕ್ಟರಿಗೆ ತೋರಿಸೋಣ, ನಾನೇ ಬರುತ್ತೇನೆ. ನಿಮ್ಮ ಹೊಲದ ಬದುವಿನಲ್ಲೂ ಈ ಹೂವು ಹುಡುಕೋಣ.

ಹಾವೇರಿ ಅತ್ತಿ: ಬದುವಿನ ಮೇಲೆ ಚುಕ್ಕಿಯಂಥ ನೀಲಿ ಹೂವು ಇವೆ. ಅದೇ ಏನು ಇದು?

ಧಾರವಾಡ ತಮ್ಮ: ಇರಬಹುದು. ಫೋಟೋ ಕಳಿಸ್ರಿ. ಕೀಳಬೇಡ್ರಿ.

ಹಾವೇರಿ ಅತ್ತಿ: ಈಗ ಎರಡು ಗಂಟೆ, ಮುದುಡಿರುತ್ತವೆ. ನಾಳೆ ಏಳಕ್ಕೆ ಹೋಗುತ್ತೇನೆ. ನೀನು ಗುರುವಾರ ಬಾ, ಇವರು ನಿನ್ನ ಮಾತಾದರೆ ಕೇಳುತ್ತಾರೆ. ಜೀಪಿನ ಮಾತು ಮಾತ್ರ ಇನ್ನೂ ಮುಗಿದಿಲ್ಲ.