ಕಶಿಶ್ ಸಿನಿಮೋತ್ಸವ ಶುರುವಾದದ್ದು ಹೇಗೆ?

ಬದಿಯಡ್ಕದವ: ಮುಂಬೈಯ ಕಶಿಶ್‌ಗೆ ಹೋಗುವ ಆಸೆ ಇದೆ. ಸಲಿಂಗಿಗಳ, ಟ್ರಾನ್ಸ್‌ಜೆಂಡರ್ ಜನರ ಸಿನಿಮಾಗೆ ಬೇರೆ ಉತ್ಸವ ಯಾಕೆ ಅಂತ ಅಣ್ಣ ಕೇಳುತ್ತಾನೆ. ಗೊತ್ತಿದ್ದವರು ಹೇಳಿ.

ಮಂಜೇಶ್ವರ ನೋಡುಗ: ನಿರ್ದೇಶಕ ಶ್ರೀಧರ್ ರಂಗಾಯನ್ 2010ರಲ್ಲಿ ಶುರು ಮಾಡಿದ್ದು. ಮೂಲೆಯ ಯಾವುದೋ ಹಾಲ್‌ನಲ್ಲಿ ಗುಟ್ಟಾಗಿ ಅಲ್ಲ, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಪಡೆದು, ಎಲ್ಲರೂ ಟಿಕೆಟ್ ತೆಗೆದು ಹೋಗುವ ಥಿಯೇಟರಿನಲ್ಲೇ ತೋರಿಸಿದರು. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್‌ಗೆ ಸುಪ್ರೀಂ ಕೋರ್ಟ್ ಕತ್ತರಿ ಹಾಕಿದ್ದು 2018ರಲ್ಲಿ! ಆ ಧೈರ್ಯ ನನಗೆ ತುಂಬಾ ದೊಡ್ಡದು.

ಕುಂಬಳೆ ಅಕ್ಕ: ಇಂಥ ಪಾತ್ರಗಳನ್ನು ಸುಮ್ನೆ ನಗಿಸೋಕೆ ತಂದದ್ದೇ ಜಾಸ್ತಿ ಅಲ್ವಾ? ಅಲ್ಲಿ ಕತೆಯೇ ಅವರದ್ದು. ಅಣ್ಣನನ್ನೂ ಕರ್ಕೊಂಡು ಹೋಗು ತಮ್ಮಾ, ಕಾಸರಗೋಡಿನಿಂದ ನೇತ್ರಾವತಿ ರೈಲಿದೆ. ಮುಂಬೈ ದೂರ ಆದರೆ ಬೆಂಗಳೂರಲ್ಲೂ ಇಂಥದ್ದೇ ಕ್ವಿಯರ್ ಚಿತ್ರೋತ್ಸವ ನಡೆಯುತ್ತದೆ.