ಅಂಗಡಿ ಚಿಕನ್‌ನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ: ತಿನ್ನಬಹುದೇನ್ರಿ?

ಪ್ರಶ್ನೆ (ಗಂಗಾವತಿಯಿಂದ): ನಮಸ್ಕಾರ ಡಾಕ್ಟ್ರೇ. ಅಂಗಡಿ ಕೋಳಿಮಾಂಸದಾಗ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರ್ತದ, ಅದು ಆಂಟಿಬಯಾಟಿಕ್‌ಗೂ ಸಾಯಂಗಿಲ್ಲ ಅಂತ ಓದಿದೆ. ನಮ್ಮ ಮನ್ಯಾಗ ಐತವಾರ ಚಿಕನ್ ಆಗಲೇಬೇಕು, ಎರಡು ವರ್ಷದ ಮಗಳದಾಳ. ಉಪ್ಪು ಅರಿಶಿಣ ಹಚ್ಚಿ ನಳದ ಕೆಳಗ ನಾಕು ಸಲ ತೊಳೀತೀನಿ. ಸಾಕೇನ್ರಿ? ಇಲ್ಲಾ ಜವಾರಿ ಕೋಳೀನ ತರಬೇಕೇನು?

ಉತ್ತರ (ಪಶುವೈದ್ಯರು): ಚಿಕನ್ ಬಿಡಬೇಡಿ ತಾಯಿ, ನಳದ ಕೆಳಗೆ ತೊಳೆಯೋದನ್ನು ಬಿಡಿ. ಈ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗಲಿಕ್ಕಿಲ್ಲ, ಬೆಂಕಿಗೆ ಬಗ್ಗಲೇಬೇಕು. ತುಂಡಿನ ಒಳಗೆ 74 ಡಿಗ್ರಿ ಮುಟ್ಟಿದರೆ ಸಾಯುತ್ತದೆ. ಸಾರು ಕುದಿದು ತುಂಡು ಒಳಗಿನವರೆಗೂ ಚೆನ್ನಾಗಿ ಬೆಂದ ಹೊತ್ತಿಗೆ ಅಷ್ಟು ಆಗಿಯೇ ಆಗಿರುತ್ತದೆ. ಎಲುಬಿನ ಹತ್ತಿರ ಕೆಂಪು ಉಳಿದಿದ್ದರೆ ಇನ್ನೊಂದಿಷ್ಟು ಬೇಯಿಸಿ.

ಅಪಾಯ ಇರೋದು ಒಲೆಗೆ ಹೋಗುವ ಮೊದಲು. ನಳದ ನೀರು ಹಸಿ ಮಾಂಸದ ಮೇಲೆ ಬಿದ್ದು ಸಿಡಿದಾಗ ಹನಿಗಳು ಪಕ್ಕದ ತಟ್ಟೆ, ಕೊತ್ತಂಬರಿ, ನಿಮ್ಮ ಸೆರಗು ಎಲ್ಲಕ್ಕೂ ಹೋಗುತ್ತವೆ. ಅರಿಶಿಣದಿಂದ ಅದು ಸಾಯುವುದಿಲ್ಲ. ತೊಳೆಯಲೇಬೇಕು ಅನ್ನಿಸಿದರೆ ಪಾತ್ರೆಯ ನೀರಲ್ಲಿ ಮೆಲ್ಲಗೆ ಆಡಿಸಿ, ಸಿಡಿಯದಂತೆ ಚೆಲ್ಲಿ, ಕೈ, ಚಾಕು, ಮಣೆ ಎಲ್ಲವನ್ನೂ ಸಾಬೂನಿನಿಂದ ತೊಳೆಯಿರಿ. ಅದೇ ಮಣೆ ಮೇಲೆ ಹಸಿ ಉಳ್ಳಾಗಡ್ಡಿ, ಸೌತಿಕಾಯಿ ಹೆಚ್ಚಿದರೆ ಬೇಯಿಸಿದ್ದೆಲ್ಲ ವ್ಯರ್ಥ. ನಾನು ನೋಡಿದ ಮಟ್ಟಿಗೆ ಮನೆಗಳಲ್ಲಿ ತಪ್ಪುವುದು ಇಲ್ಲೇ.

ಅಂಗಡಿಯಲ್ಲಿ ಪುಕ್ಕ ಕಿತ್ತ ಕೋಳಿಯನ್ನು ಅದ್ದುವ ಬಕೆಟ್ ಕಡೆ ಕಣ್ಣಾಡಿಸಿ. ಬೆಳಿಗ್ಗೆಯಿಂದ ಅದೇ ನೀರಿದ್ದರೆ ಒಂದು ಕೋಳಿಯ ಕರುಳಿನದು ಉಳಿದೆಲ್ಲವಕ್ಕೂ ಅಂಟಿರುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಂತೂ ಮಾಂಸ ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು. ಫ್ರೀಜರ್‌ನಲ್ಲಿ ಇಟ್ಟರೂ ಸಾಯುವುದಿಲ್ಲ, ಬೆಳೆಯದೆ ಸುಮ್ಮನಿರುತ್ತದೆ ಅಷ್ಟೆ. ಜವಾರಿ ಕೋಳಿಯ ಕರುಳಲ್ಲೂ ಇದು ಇರಬಹುದು, ಅದಕ್ಕೂ ಇದೇ ನಿಯಮ.

ಮತ್ತೆ ಅವರೇ: ಮಗುವಿಗೆ ಭೇದಿ ಹತ್ತಿದ್ರ ಮೆಡಿಕಲ್‌ನಾಗ ಗುಳಿಗಿ ತಗೋಬಹುದಾ?

ಉತ್ತರ: ಬೇಡವೇ ಬೇಡ. ಸಾಲ್ಮೊನೆಲ್ಲಾ ಭೇದಿ, ಜ್ವರ, ಹೊಟ್ಟೆನುಲಿತ ಸಾಮಾನ್ಯವಾಗಿ 6 ತಾಸಿನಿಂದ 6 ದಿನದೊಳಗೆ ಶುರುವಾಗಿ 4ರಿಂದ 7 ದಿನದಲ್ಲಿ ತಾನೇ ಇಳಿಯುತ್ತದೆ. ಓಆರ್‌ಎಸ್ ಕುಡಿಸುತ್ತಿರಿ. ರಕ್ತ ಬಿದ್ದರೆ, ಜ್ವರ ಏರಿದರೆ, ಮಗು ಮೂತ್ರ ಮಾಡುವುದು ಕಡಿಮೆಯಾದರೆ ತಕ್ಷಣ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಔಷಧ ಬೇಕೇ, ಮಲದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ ಯಾವ ಔಷಧ ನಾಟುತ್ತದೆಂದು ನೋಡಬೇಕೇ ಅನ್ನುವುದು ಅವರ ತೀರ್ಮಾನ.

ಪ್ರಶ್ನೆ (ಸಿಂಧನೂರಿನ ಕೋಳಿ ಸಾಕಣೆದಾರರು): ಎಲ್ಲಾ ನಮ್ಮ ಮ್ಯಾಲೇ ಬರ್ತದ್ರಿ. ನಾಕು ಮರಿ ತೂಕಡಿಸಿದ್ರ ನೀರಿನಾಗ ಎನ್ರೋಫ್ಲಾಕ್ಸಾಸಿನ್ ಆಂಟಿಬಯಾಟಿಕ್ ಹಾಕ್ತೀವಿ, ಬಿಟ್ರ ಬ್ಯಾಚೇ ಹೋಗ್ತದ. ಮಾರೋ ಮುಂಚೆ ನಿಲ್ಲಿಸಿದ್ರ ಸಾಕಲ್ಲ?

ಉತ್ತರ: ಮುಂಚೆ ನಿಲ್ಲಿಸಿದರೆ ಮಾಂಸದಲ್ಲಿ ಔಷಧದ ಅಂಶ ಇಳಿಯುತ್ತದೆ, ಅದು ಬೇಕೇ ಬೇಕು. ಆದರೆ ಆ ಔಷಧವನ್ನು ತಡೆದುಕೊಂಡು ಉಳಿದ ಬ್ಯಾಕ್ಟೀರಿಯಾ ಕರುಳಲ್ಲೇ ಇದ್ದು ಕೋಳಿಯ ಜೊತೆ ಅಂಗಡಿಗೆ ಹೋಗುತ್ತದೆ. ನೀರಿಗೆ ಹಾಕಿದಾಗ ಇನ್ನೊಂದು ತೊಂದರೆಯಿದೆ: ತೂಕಡಿಸುವ ಮರಿ ನೀರೇ ಕುಡಿಯುವುದಿಲ್ಲ, ಗಟ್ಟಿಮುಟ್ಟಾದವು ಹೊಟ್ಟೆ ತುಂಬ ಕುಡಿಯುತ್ತವೆ. ಎನ್ರೋಫ್ಲಾಕ್ಸಾಸಿನ್ ಮೈಯೊಳಗೆ ಹೋಗಿ ಒಂದು ಪಾಲು ಸಿಪ್ರೋಫ್ಲಾಕ್ಸಾಸಿನ್ ಆಗುತ್ತದೆ, ಮನುಷ್ಯರಿಗೆ ಕೊಡುವ ಅದೇ ಔಷಧ. ಅಮೆರಿಕದಲ್ಲಿ ಕೋಳಿಗೆ ಎನ್ರೋಫ್ಲಾಕ್ಸಾಸಿನ್ ಕೊಡುವುದನ್ನು 2005ರಲ್ಲೇ ನಿಲ್ಲಿಸಿದರು. ನಮ್ಮಲ್ಲೂ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ 2019ರಿಂದ ನಿಷೇಧ. ಅದರ ಹಳೇ ಡಬ್ಬಿ ಉಳಿದಿದ್ದರೆ ಬಳಸಬೇಡಿ.

ನಷ್ಟ ನಿಮ್ಮದು, ಸಿಟ್ಟು ಬರುವುದು ಸಹಜ. ಆದರೆ ತೂಕಡಿಕೆ ರಾಣಿಕೆಟ್ ಅಥವಾ ಗುಂಬೊರೊ ಎಂಬ ಕೋಳಿ ರೋಗದಿಂದ ಬಂದಿದ್ದರೆ ಅದು ವೈರಸ್, ಆಂಟಿಬಯಾಟಿಕ್‌ಗೆ ಸುರಿದ ದುಡ್ಡು ನೀರುಪಾಲು. ರೋಗ ಯಾವುದೆಂದು ಮೊದಲು ಗೊತ್ತಾಗಲಿ. ಆಗ ತಾನೇ ಸತ್ತ ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಐಸ್ ಇಟ್ಟು ತಾಲ್ಲೂಕು ಪಶು ಆಸ್ಪತ್ರೆಗೆ ತನ್ನಿ. ಫ್ರೀಜರ್‌ಗೆ ಹಾಕಬೇಡಿ, ಪೋಸ್ಟ್‌ಮಾರ್ಟಂಗೆ ಕೆಡುತ್ತದೆ. ತೂಕಡಿಸುತ್ತಿರುವ ಜೀವಂತ ಮರಿಯೊಂದನ್ನೂ ತನ್ನಿ. ಯಾವ ಲಸಿಕೆ ಯಾವ ದಿನ ಹಾಕಿದಿರಿ, ನೀರಿಗೆ ಈಗಾಗಲೇ ಏನು ಬೆರೆಸಿದಿರಿ ಅನ್ನೋದನ್ನು ಚೀಟಿಯಲ್ಲಿ ಬರೆದು ತಂದರೆ ನಮಗೆ ಅರ್ಧ ಕೆಲಸ ಮುಗಿದಂತೆ.