ಓಪನ್ ವಾಟರ್ ಕೋರ್ಸ್: ಪೂಲ್ ಬೆಂಗಳೂರಿನಲ್ಲಿ, ಕಡಲು ನೇತ್ರಾಣಿಯಲ್ಲಿ. ಡೈವ್ ಶಾಪ್ ಆರಿಸೋದು ಹೇಗೆ?

ಮಲ್ಲೇಶ್ವರದ ಮೀನು:

ನಾವಿಬ್ಬರು, ಇಬ್ಬರಿಗೂ ಈಜು ಬರುತ್ತದೆ. ಡಿಸೆಂಬರ್‌ನಲ್ಲಿ ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸುವ ಆಸೆ. ಎರಡು ಶಾಪ್ ವಿಚಾರಿಸಿದ್ದೇವೆ. ಒಂದರವರು ಬೆಂಗಳೂರಿನ ಪೂಲ್‌ನಲ್ಲಿ ಎರಡು ವಾರಾಂತ್ಯ ಕಲಿಸಿ, ಆಮೇಲೆ ಮುರುಡೇಶ್ವರಕ್ಕೆ ಕರೆದೊಯ್ದು ನೇತ್ರಾಣಿ ದ್ವೀಪದಲ್ಲಿ 4 ಡೈವ್ ಮಾಡಿಸುತ್ತಾರೆ. ಇನ್ನೊಂದರವರು ಎಲ್ಲವನ್ನೂ ಮುರುಡೇಶ್ವರದಲ್ಲೇ ಎರಡು ದಿನದಲ್ಲಿ ಮುಗಿಸಿ ಕಾರ್ಡ್ ಕೈಗಿಡುತ್ತೇವೆ ಅನ್ನುತ್ತಾರೆ, ರೇಟೂ ಕಡಿಮೆ. ಮೊದಲನೆಯವರು ಕೊಡುವುದು ಪಾಡಿ ಎಂಬ ತರಬೇತಿ ಸಂಸ್ಥೆಯ ಕಾರ್ಡ್, ಎರಡನೆಯವರದು ಎಸ್‌ಎಸ್‌ಐ ಸಂಸ್ಥೆಯದು. ಯಾವ ಕಾರ್ಡ್ ಒಳ್ಳೆಯದು? ಶಾಪ್‌ಗೆ ಹೋದಾಗ ಏನು ನೋಡಬೇಕು, ಏನು ಕೇಳಬೇಕು? ನನಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು, ಈಗಿಲ್ಲ. ಅದು ಅಡ್ಡಿಯಾಗುತ್ತಾ? ಭಾನುವಾರ ಮಧ್ಯಾಹ್ನ ಡೈವ್ ಮುಗಿದರೆ ಅಂದೇ ರಾತ್ರಿ ಬಸ್ ಹಿಡಿದು ಸೋಮವಾರ ಆಫೀಸಿಗೆ ಬರಬೇಕು.

ಹನ್ನೆರಡು ಮೀಟರ್:

ಕಾರ್ಡ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪಾಡಿಯದ್ದಾಗಲಿ ಎಸ್‌ಎಸ್‌ಐನದ್ದಾಗಲಿ, ಎರಡೂ 18 ಮೀಟರ್‌ವರೆಗಿನ ಕಾರ್ಡ್‌ಗಳೇ. ಅಂಡಮಾನ್‌ನಿಂದ ಥಾಯ್ಲೆಂಡ್‌ವರೆಗೆ ಎಲ್ಲಿ ತೋರಿಸಿದರೂ ನಡೆಯುತ್ತದೆ. ನೀವು ಆರಿಸಬೇಕಾದ್ದು ಇನ್ಸ್‌ಟ್ರಕ್ಟರನ್ನು. "ನಮಗೆ ಕಲಿಸುವವರು ಯಾರು, ಅವರ ನಂಬರ್ ಕೊಡಿ" ಅಂತ ಕೇಳಿ. ಆ ನಂಬರ್ ಹಾಕಿ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ನೋಡಿದರೆ ಈ ವರ್ಷ ಅವರಿಗೆ ಕಲಿಸುವ ಅರ್ಹತೆ ಇದೆಯೋ ಇಲ್ಲವೋ ತಿಳಿಯುತ್ತದೆ. ಇನ್ಸ್‌ಟ್ರಕ್ಟರ್‌ಗಿಂತ ಕೆಳಗಿನ ದರ್ಜೆಯ ಡೈವ್‌ಮಾಸ್ಟರ್ ಜೊತೆಯಲ್ಲಿ ನೆರವಿಗಿರಬಹುದು, ಆದರೆ ಓಪನ್ ವಾಟರ್ ಕೋರ್ಸನ್ನು ತಾವೇ ನಡೆಸಿ ಕಾರ್ಡ್ ಕೊಡಿಸುವಂತಿಲ್ಲ. ಬುಕಿಂಗ್ ಮಾಡುವಾಗ ಒಂದು ಹೆಸರು ಹೇಳಿ, ದೋಣಿ ಹತ್ತುವಾಗ ಬೇರೆಯವರನ್ನು ಕಳಿಸುವುದುಂಟು. ಹಾಗಾಗಿ ಹೆಸರನ್ನು ಬರಹದಲ್ಲೇ ತೆಗೆದುಕೊಳ್ಳಿ.

ಎರಡು ದಿನದ ಲೆಕ್ಕವನ್ನು ನೀವೇ ಹಾಕಿ ನೋಡಿ. ಆ ಶಾಪ್‌ನದು ಎಸ್‌ಎಸ್‌ಐ ಆದರೂ ಅಳತೆಗೆ ಪಾಡಿಯದನ್ನೇ ತೆಗೆದುಕೊಳ್ಳೋಣ. ಪಾಡಿ ಕೋರ್ಸ್‌ನಲ್ಲಿ 5 ಥಿಯರಿ ಪಾಠ, ಪೂಲ್‌ನಲ್ಲಿ 5 ಡೈವ್, ಕಡಲಲ್ಲಿ 4 ಡೈವ್ ಇವೆ. ಕಡಲ ಡೈವ್‌ಗಳನ್ನೇ ಕನಿಷ್ಠ ಎರಡು ದಿನಕ್ಕೆ ಹಂಚಬೇಕು, ಒಂದು ದಿನಕ್ಕೆ 3ಕ್ಕಿಂತ ಹೆಚ್ಚು ಮಾಡುವಂತಿಲ್ಲ. ಇದರ ಜೊತೆಗೆ 200 ಮೀಟರ್ ಈಜು, 10 ನಿಮಿಷ ತೇಲುವ ಪರೀಕ್ಷೆ. ಮುರುಡೇಶ್ವರದಿಂದ ದ್ವೀಪಕ್ಕೆ ಸುಮಾರು 19 ಕಿ.ಮೀ., ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಹಾಗಾದರೆ ಪೂಲ್ ಡೈವ್‌ಗಳಿಗೆ ಸಮಯ ಎಲ್ಲಿದೆ? ಎರಡೇ ದಿನದಲ್ಲಿ ಮುಗಿಯಬೇಕಾದರೆ ಏನನ್ನಾದರೂ ಬಿಡಲೇಬೇಕು. ಸಾಮಾನ್ಯವಾಗಿ ಬಿಟ್ಟುಹೋಗುವುದು ನೀರೊಳಗೆ ಮಾಸ್ಕ್ ಪೂರ್ತಿ ತೆಗೆದು ಮತ್ತೆ ಹಾಕಿಕೊಳ್ಳುವುದು, ಜೊತೆಗಾರರ ಬದಲಿ ರೆಗ್ಯುಲೇಟರ್‌ನಿಂದ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಉಸಿರಾಡುತ್ತಾ ಮೇಲೆ ಬರುವುದು, ಇಂಥವು. ಗಾಬರಿಯಾದಾಗ ಕೈ ಹಿಡಿಯುವ ಪಾಠಗಳೇ ಅವು.

ಇನ್ನೊಂದು ಪ್ರಶ್ನೆ ಕೇಳಿ: "ಒಂದೊಂದು ಡೈವ್ ಎಷ್ಟು ನಿಮಿಷ?" ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ 11.1 ಲೀಟರ್‌ನದು. ಅದರ ಒತ್ತಡ 200 ಬಾರ್‌ನಿಂದ 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 1,665 ಲೀಟರ್ ಗಾಳಿ ಸಿಗುತ್ತದೆ. ಹೊಸಬರು ನೀರಿನ ಮೇಲೆ ನಿಮಿಷಕ್ಕೆ 25 ಲೀಟರ್ ಎಳೆದರೆ, 12 ಮೀಟರ್ ಆಳದ 2.2 ಬಾರ್ ಒತ್ತಡದಲ್ಲಿ ಅದು 55 ಲೀಟರ್ ಆಗುತ್ತದೆ. ಅಂದರೆ ಹತ್ತಿರ ಹತ್ತಿರ 30 ನಿಮಿಷ. ಹತ್ತು ಹನ್ನೆರಡು ನಿಮಿಷಕ್ಕೆ ಮೇಲೆ ತಂದು "ಡೈವ್ ಮುಗೀತು" ಅಂದರೆ ಅದು ಪ್ರವಾಸಿಗರ ಟ್ರೈ ಡೈವ್, ತರಬೇತಿಯಲ್ಲ.

ಓ-ರಿಂಗ್:

ನಾನು ಸಲಕರಣೆಯ ಬಗ್ಗೆ ಬರೆಯುತ್ತೇನೆ. ದುಡ್ಡು ಕಟ್ಟುವ ಮೊದಲು ಶಾಪ್‌ನಲ್ಲಿ ಅರ್ಧ ಗಂಟೆ ಕೇಳಿಕೊಳ್ಳಿ, ಒಂದು ಸೆಟ್ ಜೋಡಿಸಿ ತೋರಿಸಲು ಹೇಳಿ. ಒಳ್ಳೆಯ ಶಾಪ್‌ನವರು ಖುಷಿಯಿಂದ ತೋರಿಸುತ್ತಾರೆ.

ಮೊದಲು ಸಿಲಿಂಡರ್‌ನ ಕೊರಳು ನೋಡಿ. ಹೈಡ್ರೋ ಟೆಸ್ಟ್ (ನೀರು ತುಂಬಿಸಿ ಒತ್ತಡ ತಾಳುತ್ತದಾ ಎಂದು ನೋಡುವ ಪರೀಕ್ಷೆ) ಆದ ತಿಂಗಳು, ವರ್ಷವನ್ನು ಲೋಹದ ಮೇಲೇ ಕೊರೆದಿರುತ್ತಾರೆ. ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಈ ಟೆಸ್ಟ್ ಆಗಬೇಕು. ಆಮೇಲೆ ವಾಲ್ವನ್ನು ಒಂದಿಷ್ಟೇ ತಿರುಗಿಸಿ ಗಾಳಿ ಬಿಟ್ಟು ಮೂಸಿ. ಎಣ್ಣೆಯ ವಾಸನೆಯಾಗಲಿ ಹೊಗೆಯ ವಾಸನೆಯಾಗಲಿ ಬಂದರೆ ಅಲ್ಲಿಂದ ಎದ್ದು ಬನ್ನಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿಜ. ಆದರೆ ಕಂಪ್ರೆಸರ್ ತನ್ನದೇ ಡೀಸೆಲ್ ಹೊಗೆಯನ್ನು ಎಳೆದುಕೊಂಡರೆ ಎರಡೂ ಒಟ್ಟಿಗೇ ಸಿಲಿಂಡರ್‌ಗೆ ಸೇರುತ್ತವೆ, ಆಳಕ್ಕೆ ಹೋದಷ್ಟೂ ಅದರ ವಿಷ ಜಾಸ್ತಿ ಏರುತ್ತದೆ. ಕಂಪ್ರೆಸರ್ ಗಾಳಿ ಎಳೆಯುವ ಪೈಪ್ ಎಲ್ಲಿದೆ, ಫಿಲ್ಟರ್ ಕೊನೆಯ ಸಲ ಎಷ್ಟು ಗಂಟೆ ಓಡಿದಾಗ ಬದಲಾಯಿಸಿದರು, ಪುಸ್ತಕದಲ್ಲಿ ಬರೆದಿಟ್ಟಿದ್ದಾರಾ ಎಂದು ಕೇಳಿ.

ಈಗ ರೆಗ್ಯುಲೇಟರ್. ವಾಲ್ವ್ ಪೂರ್ತಿ ತೆರೆದು, ಮೌತ್‌ಪೀಸ್ ಕಚ್ಚಿ, ಗೇಜ್ ಮೇಲೆ ಕಣ್ಣಿಟ್ಟು ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು ಅಲ್ಲಾಡದೆ ನಿಲ್ಲಬೇಕು. ಪ್ರತಿ ಉಸಿರಿಗೂ ಅದು 20-30 ಬಾರ್ ಕೆಳಗೆ ಬಿದ್ದು ಮತ್ತೆ ಮೇಲೇರುತ್ತಿದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಸಿಲಿಂಡರ್‌ಗೆ ಕೂರುವ ಭಾಗದ (ಫಸ್ಟ್ ಸ್ಟೇಜ್) ಪುಟ್ಟ ಫಿಲ್ಟರ್ ಉಪ್ಪು, ತುಕ್ಕಿನಿಂದ ಕಟ್ಟಿಕೊಂಡಿದೆ. ದೋಣಿಯಲ್ಲಿ ಇದು ಗೊತ್ತಾಗದೇ ಹೋಗಬಹುದು. ಆಳದಲ್ಲಿ ಉಸಿರು ಸಾಲದೆ ಬಿಗಿ ಹಿಡಿಯುವುದು ಇದರಿಂದಲೇ. ಹೋಸ್ ಸೇರುವ ಕಡೆಯ ರಬ್ಬರ್ ಕವಚವನ್ನು ಹಿಂದಕ್ಕೆ ಸರಿಸಿ, ಹೋಸನ್ನು ಸ್ವಲ್ಪ ಬಗ್ಗಿಸಿ. ಬಿರುಕುಗಳು ಅಡಗಿರುವುದು ಅಲ್ಲೇ. ಮೌತ್‌ಪೀಸ್‌ನ ಪ್ಲಾಸ್ಟಿಕ್ ಟೈ ಇದೆಯಾ ನೋಡಿ. ಇಲ್ಲದಿದ್ದರೆ ರಬ್ಬರ್ ಬಾಯಲ್ಲಿ ಉಳಿದು ರೆಗ್ಯುಲೇಟರ್ ಮಾತ್ರ ಕಳಚಿಕೊಳ್ಳುತ್ತದೆ.

ಬಿಸಿಡಿಗೆ, ಅಂದರೆ ತೇಲುವಿಕೆ ಹೊಂದಿಸುವ ಗಾಳಿ ಜಾಕೆಟ್‌ಗೆ, ಗಾಳಿ ತುಂಬಿ ಕಾಲು ಗಂಟೆ ಪಕ್ಕಕ್ಕಿಡಿ, ಸಡಿಲವಾದರೆ ಸೋರುತ್ತಿದೆ. ಅದಕ್ಕೆ ಗಾಳಿ ತುಂಬುವ ಇನ್‌ಫ್ಲೇಟರ್ ಬಟನ್ ಒತ್ತಿ ಬಿಟ್ಟ ಕೂಡಲೇ ಹಿಂದಕ್ಕೆ ಪುಟಿಯಬೇಕು. ಸಿಕ್ಕಿಕೊಂಡರೆ ಡೈವರ್‌ನನ್ನು ಚೆಂಡಿನಂತೆ ಮೇಲಕ್ಕೆ ಎಸೆಯುತ್ತದೆ. ಮಳೆಗಾಲದಲ್ಲಿ ನೇತ್ರಾಣಿ ಬಂದ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸರ್ವಿಸ್ ಮಾಡಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. "ಈ ಮಳೆಗಾಲದ ಸರ್ವಿಸ್ ರೆಕಾರ್ಡ್ ತೋರಿಸಿ" ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ತುರ್ತು ಚಿಕಿತ್ಸೆಗೆ ದೋಣಿಯಲ್ಲಿ ಆಕ್ಸಿಜನ್ ಇದೆ ಅಂದರಷ್ಟೇ ಸಾಲದು, ಎಷ್ಟಿದೆ ಅಂತ ಕೇಳಿ. ನಿಮಿಷಕ್ಕೆ 15 ಲೀಟರ್ ಕೊಡಬೇಕು. 5 ಲೀಟರ್ ಅಳತೆಯ ಸಿಲಿಂಡರ್‌ನಲ್ಲಿ 150 ಬಾರ್ ಇದ್ದರೆ 750 ಲೀಟರ್, ಅಂದರೆ 50 ನಿಮಿಷ. ದಡ ಸೇರುವುದಕ್ಕೇ ಒಂದು, ಒಂದೂವರೆ ಗಂಟೆ ಬೇಕು. 10 ಲೀಟರ್‌ನದಾದರೆ 100 ನಿಮಿಷ ಬರುತ್ತದೆ.

ಮಲ್ಲೇಶ್ವರದ ಮೀನು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೆಂಗಳೂರಿನ ಶಾಪ್‌ನವರ ಪೂಲ್ 5 ಅಡಿ ಆಳವಂತೆ. ಸಾಕಾಗುತ್ತಾ? ಒಂದು ಬ್ಯಾಚ್‌ಗೆ 8 ಜನ ಅಂದರು.

ಹನ್ನೆರಡು ಮೀಟರ್:

5 ಅಡಿ ಮೊದಲ ಪಾಠಕ್ಕೆ ಸರಿ, ಆಮೇಲಿನವಕ್ಕೆ ಸಾಲದು. ಕಾಲೂರಿ ನಿಲ್ಲಲಾಗದಷ್ಟು ಆಳ ಬೇಕು, 9-10 ಅಡಿ ಇದ್ದರೆ ಕಿವಿಯ ಒತ್ತಡ ಸರಿಮಾಡಿಕೊಳ್ಳುವುದೂ ಅಭ್ಯಾಸವಾಗುತ್ತದೆ. ಕಡಲಲ್ಲಿ ಒಬ್ಬ ಇನ್ಸ್‌ಟ್ರಕ್ಟರ್‌ಗೆ 8 ಜನ ಎನ್ನುವುದು ಪಾಡಿ ಹಾಕಿದ ಗರಿಷ್ಠ ಮಿತಿ. ನೀರು ಮಬ್ಬಾಗಿರುವ ದಿನ ಎಂಟನೆಯವರು ಇನ್ಸ್‌ಟ್ರಕ್ಟರ್ ಕಣ್ಣಿಗೇ ಬೀಳುವುದಿಲ್ಲ. 4 ಜನರ ಬ್ಯಾಚ್ ಕೇಳಿ.

ಆಗುವುದಾದರೆ ಅವರ ಒಂದು ಪೂಲ್ ಕ್ಲಾಸ್ ನೋಡಿ ಬನ್ನಿ. ಎಲ್ಲರನ್ನೂ ತಳದಲ್ಲಿ ಮಂಡಿಯೂರಿಸಿ, ಸೀಸದ ತೂಕ ಹೆಚ್ಚಿಗೆ ಕಟ್ಟಿ ಕೂರಿಸಿದ್ದಾರಾ, ಇಲ್ಲ ತೇಲುತ್ತಲೇ ಮಾಸ್ಕ್‌ಗೆ ನುಗ್ಗಿದ ನೀರು ತೆರವು ಮಾಡಿಸುತ್ತಿದ್ದಾರಾ? ಮಂಡಿಯೂರಿ ಕಲಿತವರು ಕಡಲಲ್ಲಿ ಹವಳದ ಮೇಲೆ ಕಾಲಿಡುತ್ತಾರೆ, ಇಲ್ಲವೇ ಮೇಲಕ್ಕೆ ತೇಲಿಹೋಗುತ್ತಾರೆ. ತೂಕ ಸರಿಯಿದೆಯಾ ಅಂತ ನೋಡುವುದು ಹೀಗೆ: ಬಿಸಿಡಿ ಖಾಲಿ ಮಾಡಿ, ಮಾಮೂಲಿ ಉಸಿರೊಂದನ್ನು ಹಿಡಿದು ಅಲ್ಲಾಡದೆ ನಿಂತರೆ ನೀರು ಕಣ್ಣಿನ ಮಟ್ಟಕ್ಕಿರಬೇಕು. ಉಸಿರು ಬಿಟ್ಟಾಗ ನಿಧಾನ ಇಳಿಯಬೇಕು. ತುಂಬಿದ ಸಿಲಿಂಡರ್‌ನಲ್ಲಿ ಹೀಗೆ ನೋಡಿದರೆ ಮೇಲೆ 2 ಕೆ.ಜಿ. ಸೇರಿಸಬೇಕು, ಏಕೆಂದರೆ ಖಾಲಿಯಾಗುವ ಗಾಳಿಗೇ ಅಷ್ಟು ತೂಕವಿದೆ.

ಕರಾವಳಿ ಡಾಕ್ಟ್ರು:

ಎರಡು ಮಾತು, ಎರಡೂ ನಿಮ್ಮ ಆರೋಗ್ಯದ ಬಗ್ಗೆ.

ಉಬ್ಬಸದ್ದು ಮೊದಲು. ಕೋರ್ಸ್ ಶುರುವಾಗುವ ಮುಂಚೆ ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ. "ಎಲ್ಲಕ್ಕೂ ಇಲ್ಲ ಅಂತ ಹಾಕಿಬಿಡಿ" ಅನ್ನುವ ಶಾಪ್ ಆದರೆ ಅಲ್ಲಿಗೆ ಬಿಟ್ಟುಬಿಡಿ. 10 ಮೀಟರ್‌ನಿಂದ ಮೇಲೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಎರಡರಷ್ಟಾಗುತ್ತದೆ. ಕಿರಿದಾದ ಶ್ವಾಸನಾಳದ ಹಿಂದೆ ಅದು ಸಿಕ್ಕಿಕೊಂಡರೆ ಶ್ವಾಸಕೋಶ ಹರಿಯಬಹುದು. ಶ್ವಾಸಕೋಶದ ತಜ್ಞರ ಬಳಿ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿಸಿ, ಡೈವಿಂಗ್‌ಗೆ ಅಂತ ಹೇಳಿ. ಟ್ರೆಡ್‌ಮಿಲ್ ಓಡುವ ಮೊದಲೊಮ್ಮೆ, ಓಡಿದ ಮೇಲೊಮ್ಮೆ ಊದಿಸುವಂತೆ ಕೇಳಿ. ಡಿಸೆಂಬರ್‌ಗೆ ಇನ್ನೂ ಸಮಯವಿದೆ.

ಇನ್ನು ಭಾನುವಾರ ರಾತ್ರಿಯ ಬಸ್ಸು. ಇದನ್ನು ಯಾರೂ ಹೇಳುವುದಿಲ್ಲ. ಹಲವು ದಿನ ಸತತ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು 18 ಗಂಟೆ ಬಿಡಬೇಕು ಅನ್ನುವ ಸಲಹೆ ಎಲ್ಲರಿಗೂ ಗೊತ್ತು. ಆದರೆ ಆ ಸಲಹೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರವನ್ನು. ಬೆಂಗಳೂರು ಇರುವುದೇ 900 ಮೀಟರ್ ಮೇಲೆ. ಮಧ್ಯಾಹ್ನ 12ಕ್ಕೆ ಕೊನೆಯ ಡೈವ್ ಮುಗಿಸಿ ರಾತ್ರಿ 8ಕ್ಕೆ ಬಸ್ ಹತ್ತಿದರೆ, ಘಾಟಿ ಏರುವಾಗ ಇನ್ನೂ 10-12 ಗಂಟೆಯೂ ಆಗಿರುವುದಿಲ್ಲ, ದೇಹದಲ್ಲಿ ಕರಗಿದ ಸಾರಜನಕ ಪೂರ್ತಿ ಹೊರಬಿದ್ದಿರುವುದಿಲ್ಲ, ಎತ್ತರದಲ್ಲಿ ಒತ್ತಡ ಕಡಿಮೆಯಾದಾಗ ಅದು ಗುಳ್ಳೆಗಟ್ಟಿ ಅಪಾಯವಾಗಬಹುದು. ಕಡಲ ಮಟ್ಟದಲ್ಲೇ ಮುರುಡೇಶ್ವರದಲ್ಲಿ ರಾತ್ರಿ ಕಳೆದು ಬೆಳಿಗ್ಗೆ 6ರ ನಂತರ ಹೊರಡಿ, ಸೋಮವಾರಕ್ಕೆ ರಜೆ ಹಾಕಿ. ಸೋಮವಾರ ರಜೆ ಸಿಗದಿದ್ದರೆ ಕೊನೆಯ ಡೈವ್ ಶನಿವಾರಕ್ಕೆ ಮುಗಿಯುವಂತೆ ಶುಕ್ರವಾರ ಶುರುಮಾಡಿಸಿ. ಎರಡೂ ಶಾಪ್‌ಗೆ ಇದೇ ಪ್ರಶ್ನೆ ಕೇಳಿ ನೋಡಿ: "ಡೈವ್ ಮುಗಿದು ಎಷ್ಟು ಗಂಟೆಗೆ ಘಾಟಿ ಹತ್ತಬಹುದು?"

ಮಲ್ಲೇಶ್ವರದ ಮೀನು:

ಘಾಟಿಯ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿ, ಶುಕ್ರವಾರ, ಶನಿವಾರ ಅಂತ ಬದಲಾಯಿಸುತ್ತಿದ್ದೇವೆ. ಮೊದಲನೇ ಶಾಪ್‌ನವರು ಆಳದ ಪೂಲ್‌ನಲ್ಲಿ ಕಲಿಸಲು, 4 ಜನರ ಬ್ಯಾಚ್ ಮಾಡಲು ಒಪ್ಪಿದ್ದಾರೆ. ಇನ್ಸ್‌ಟ್ರಕ್ಟರ್ ನಂಬರ್ ನಾಳೆ ಕಳಿಸುತ್ತಾರಂತೆ.